ಯುಗಾದಿವರೆಗೆ ಹಕ್ಕಿ ನೋಡಿದ್ದು

ನನಗೆ ಹಕ್ಕಿಗಳ ಬಗ್ಗೆ ಏನೇನೂ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಪುಟ್ಟೇನಹಳ್ಳಿ ಕೆರೆಯ ಸುತ್ತ ಬೆಳಿಗ್ಗೆ ವಾಕ್ ಮಾಡುವ ಅರ್ಧ ಜನಕ್ಕೆ ನಾನು ‘ಬರ್ಡ್ ಆಂಟಿ’. ಮೊಮ್ಮಕ್ಕಳನ್ನು ಕರೆದುಕೊಂಡು ಬಂದವರು ನನ್ನ ಮುಂದೆ ನಿಲ್ಲಿಸಿ, ‘ಕೇಳು, ಆಂಟಿ ಹೇಳ್ತಾರೆ ಅದು ಯಾವ ಹಕ್ಕಿ ಅಂತ’ ಅನ್ನುತ್ತಾರೆ. ನಾನು ಬಾಯಿಗೆ ಬಂದದ್ದು ಹೇಳುತ್ತೇನೆ. ಕಪ್ಪಗಿದ್ದರೆ ನೀರುಕಾಗೆ, ಬೆಳ್ಳಗಿದ್ದರೆ ಕೊಕ್ಕರೆ, ದೊಡ್ಡ ಕೊಕ್ಕಿದ್ದರೆ ಹೆಜ್ಜಾರ್ಲೆ. ಯಾರೂ ಇದುವರೆಗೆ ತಪ್ಪು ಅಂದಿಲ್ಲ. ನನ್ನ ಕಸುಬು ಸೀರೆಗೆ ಫಾಲ್ ಹೊಲಿಯುವುದು. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳಿಂದ ಸೀರೆ ತಂದು, ಮನೆಯಲ್ಲಿ ಹೊಲಿದು ಕೊಟ್ಟು ಮಗಳನ್ನು ಓದಿಸಿದವಳು ನಾನು. ಅಷ್ಟು ವರ್ಷ ತಲೆ ಬಗ್ಗಿಸಿ ಕೂತವಳಿಗೆ ಆಕಾಶದಲ್ಲಿ ಏನು ಹಾರುತ್ತಿದೆ ಅಂತ ನೋಡುವ ಪುರುಸೊತ್ತು ಎಲ್ಲಿತ್ತು?

ನಾನು ಹಕ್ಕಿ ನೋಡಲು ಶುರು ಮಾಡಿದ್ದು ಎದೆ ಹಿಡಿದುಕೊಳ್ಳಲು ಶುರುವಾದ ಮೇಲೆ.

ಮೊದಲ ಸಲ ಅದು ಬಂದದ್ದು ಗೌರಿ ಹಬ್ಬದ ಆಸುಪಾಸಿನಲ್ಲಿ. ನಮ್ಮವರೂ ನಾನೂ ಎಂದಿನಂತೆ ಕೆರೆಯ ಸುತ್ತ ನಡೆಯುತ್ತಿದ್ದೆವು. ನಮ್ಮವರು ಅಂದರೆ ನಾಗರಾಜು, ಒಂದು ಖಾಸಗಿ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ಏರಿಯ ಮೇಲೆ ಸ್ವಲ್ಪ ಚಡಾವು ಹತ್ತಿದ ಮೇಲೆ ಒಂದು ಹೊಂಗೆಮರ, ಅದರ ಕೆಳಗೆ ಒಂದು ಕಲ್ಲುಬೆಂಚು ಇದೆ. ಅಲ್ಲಿಗೆ ಬರುವಷ್ಟರಲ್ಲಿ ಎದೆ ಬಿಗಿಯಾಯಿತು. ನೋವು ಅನ್ನುವ ಹಾಗಿಲ್ಲ. ಹಳೇ ಕಾಲದ ಬಿಗಿ ರವಿಕೆಯನ್ನು ಈಗಿನ ಮೈಗೆ ಒತ್ತಾಯದಿಂದ ತೊಡಿಸಿ ಹುಕ್ಕು ಹಾಕಿದ ಹಾಗಿತ್ತು. ನಿಂತೆ, ಸರಿಹೋಯಿತು. ಮಾರನೇ ದಿನ ಅದೇ ಜಾಗದಲ್ಲಿ ಮತ್ತೆ ಬಂತು.

ನಾನೇನೂ ಮುಚ್ಚಿಡಲಿಲ್ಲ. ಮನೆಗೆ ಬಂದು ಕಾಫಿ ಕೊಡುವಾಗ, ‘ರೀ, ನಡೀವಾಗ ಎದೆ ಒಂಥರಾ ಬಿಗಿ ಆಗ್ತಿದೆ’ ಅಂದೆ. ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ಅವರ ಬಾಯಿಂದ ಬಂದ ಮೊದಲ ಮಾತು, ‘ಪಾಲಿಸಿ...’

ಅವರನ್ನು ಬೈಯುವ ಮೊದಲು ಇದನ್ನು ಕೇಳಿ. ನೌಕರಿಯಲ್ಲಿ ಇರುವಷ್ಟು ದಿನ ಕಂಪನಿಯ ಇನ್ಶೂರೆನ್ಸ್ ಇತ್ತು. ನಿವೃತ್ತಿಯ ದಿನ ಹಾರ ಹಾಕಿ, ಗೋಡೆ ಗಡಿಯಾರ ಕೊಟ್ಟು, ಇನ್ಶೂರೆನ್ಸನ್ನು ವಾಪಸ್ ತೆಗೆದುಕೊಂಡರು. ಅದೇ ವರ್ಷ ನಮ್ಮ ಭಾವನವರು, ಅಂದರೆ ಇವರ ಅಣ್ಣ, ಆಸ್ಪತ್ರೆ ಸೇರಿದರು. ಬನಶಂಕರಿಯಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ತೆಗೆದುಕೊಂಡಿದ್ದ ಸೈಟು ಹೋಯಿತು, ಅದರ ಹಿಂದೆಯೇ ಭಾವನವರೂ ಹೋದರು. ಅದನ್ನು ಕಣ್ಣಾರೆ ಕಂಡ ಇವರು ಓಡಾಡಿ ನಮ್ಮಿಬ್ಬರಿಗೂ ಹೊಸ ಪಾಲಿಸಿ ಮಾಡಿಸಿದರು. ನನಗೆ ಬಿಪಿ ಇರುವುದನ್ನು ಪ್ರಾಮಾಣಿಕವಾಗಿ ಹೇಳಿದರು. ಹೇಳಿದ್ದಕ್ಕೆ ಕಂಪನಿಯವರು, ಬಿಪಿ ಮತ್ತು ಅದರಿಂದ ಬರುವ ಹೃದಯದ ತೊಂದರೆಗೆ ಕೆಲವು ವರ್ಷ ನಾವು ಕೊಡುವುದಿಲ್ಲ, ಅದು ವೇಟಿಂಗ್ ಪೀರಿಯಡ್ ಅಂದರು. ಆ ಅವಧಿ ಮುಗಿಯಲು ಇನ್ನೂ ತಿಂಗಳುಗಳು ಇದ್ದವು.

ಕೆರೆಯಲ್ಲಿ ನಮ್ಮದೊಂದು ಬಳಗ ಇದೆ. ನಡೆದಾದ ಮೇಲೆ ಗೇಟಿನ ಹೊರಗೆ ಗಾಡಿಯಲ್ಲಿ ಮಾರುವ ಗರಿಕೆ ಜ್ಯೂಸು, ಬೂದುಗುಂಬಳದ ಜ್ಯೂಸು ಕುಡಿದು ಲೋಕದ ಸಮಸ್ಯೆಗಳನ್ನೆಲ್ಲ ಬಗೆಹರಿಸುತ್ತೇವೆ. ಅದರಲ್ಲಿ ಶ್ರೀಕಂಠಯ್ಯ ಅಂತ ಒಬ್ಬರು. ಎಲ್ಲರ ಪಾಲಿಸಿಯನ್ನೂ ಸಣ್ಣಕ್ಷರದ ಸಮೇತ ಓದುವ ಹುಚ್ಚು ಅವರಿಗೆ. ಒಂದು ಪೈಸೆ ಲಾಭ ಇಲ್ಲದೆ ಊರವರಿಗೆಲ್ಲ ಸಲಹೆ ಕೊಡುತ್ತಾರೆ. ಇವರು ನನ್ನನ್ನೂ ಕರೆದುಕೊಂಡು ಹೋಗಿ ಅವರ ಹತ್ತಿರ ಹೇಳಿದರು.

‘ನಾಗರಾಜ್, ಈಗ ಹೋದ್ರೆ ಡಾಕ್ಟ್ರು ಸುಮ್ನೆ ಕಳಿಸ್ತಾರಾ? ಇಸಿಜಿ ಅಂತಾರೆ, ಆಂಜಿಯೋಗ್ರಾಂ ಅಂತಾರೆ, ನಾಳೆನೇ ಅಡ್ಮಿಟ್ ಮಾಡಿ ಅಂತಾರೆ. ಎಲ್ಲಾ ನಿಮ್ಮ ಕೈಯಿಂದಲೇ ಹೋಗುತ್ತೆ. ನಿಮ್ಮ ವೇಟಿಂಗ್ ಮುಗಿಯೋದು ಯಾವಾಗ?’

‘ಯುಗಾದಿ ಕಳೆದ ಮೇಲೆ.’

‘ನೋಡಿ ಮತ್ತೆ! ಅಲ್ಲೀತನಕ ಹೆಂಗಾದ್ರೂ ತಳ್ಳಿ. ಸಣ್ಣ ಸಣ್ಣ ಅಭ್ಯಾಸದಲ್ಲೇ ಸಾರ್ ಆರೋಗ್ಯ ಇರೋದು. ಸುಶೀಲಮ್ಮ, ಬೆಳಿಗ್ಗೆ ಬೆಳ್ಳುಳ್ಳಿ ತಿನ್ನಿ. ಏನೂ ಆಗಲ್ಲ, ಗ್ಯಾಸ್ ಇರಬೇಕು.’

ಅಲ್ಲಿಂದ ಶುರುವಾಯಿತು ನನ್ನ ಸಣ್ಣ ಸಣ್ಣ ಅಭ್ಯಾಸಗಳ ಕಾಲ. ಬಳಗದಲ್ಲಿ ಒಬ್ಬೊಬ್ಬರೂ ಒಂದೊಂದು ದಾನ ಕೊಟ್ಟರು. ಎದ್ದ ಕೂಡಲೇ ಬಿಸಿನೀರು, ಆಮೇಲೆ ಹಸಿ ಬೆಳ್ಳುಳ್ಳಿ, ನೆನೆಸಿದ ಆಕ್ರೋಟು, ಅಗಸೆ ಬೀಜದ ಪುಡಿ, ಊಟಕ್ಕೆ ಮೊದಲು ಶುಂಠಿ-ನಿಂಬೆ, ಊಟ ಆದ ಮೇಲೆ ವಜ್ರಾಸನ, ಮಲಗುವಾಗ ಎಡಕ್ಕೆ. ಒಬ್ಬರು ಚಪ್ಪಾಳೆ ತಟ್ಟಿದರೆ ರಕ್ತ ಓಡಾಡುತ್ತದೆ ಅಂದರು, ಅದನ್ನೂ ಮಾಡಿದೆ. ಬೆಳ್ಳುಳ್ಳಿ ವಾಸನೆಗೆ ನನ್ನ ಮೊಮ್ಮಗಳು ಹತ್ತಿರ ಬರುವುದನ್ನೇ ಬಿಟ್ಟಳು. ಇವುಗಳಲ್ಲಿ ಕೆಲವನ್ನು ಇವತ್ತಿಗೂ ಮಾಡುತ್ತೇನೆ, ಅವು ಕೆಟ್ಟವೇನಲ್ಲ. ಆದರೆ ಅವತ್ತು ನಾವು ಅವುಗಳಿಂದ ಡಾಕ್ಟರ ಕೆಲಸ ಮಾಡಿಸಲು ಹೊರಟಿದ್ದೆವು.

ನಮ್ಮವರು ಪಾಪ, ನನ್ನನ್ನು ಗಾಜಿನ ಸಾಮಾನಿನ ಹಾಗೆ ನೋಡಿಕೊಂಡರು. ನೀರಿನ ಕ್ಯಾನ್ ಎತ್ತಲು ಬಿಡಲಿಲ್ಲ, ತರಕಾರಿ ಚೀಲ ಮುಟ್ಟಲು ಬಿಡಲಿಲ್ಲ. ದಿನಾ ಕೇಳುತ್ತಿದ್ದರು, ‘ಇವತ್ತು ಹೇಗಿದೆ?’ ಬಿಗಿ ಇತ್ತು ಅಂದರೆ ಅವತ್ತು ಅನ್ನ ಬಿಡುತ್ತಿದ್ದರು. ಬಾಲ್ಕನಿಯಲ್ಲಿ ಕೂತು ಬೆರಳು ಮಡಚುತ್ತಾ ಯುಗಾದಿಗೆ ಎಷ್ಟು ದಿನ ಅಂತ ಲೆಕ್ಕ ಹಾಕುವರು. ನೋಡಲಾಗದೆ ನಾನು ಹೇಳುವುದನ್ನೇ ನಿಲ್ಲಿಸಿದೆ. ‘ಈಗ ಪರವಾಗಿಲ್ಲ ರೀ, ಬೆಳ್ಳುಳ್ಳಿ ಕೆಲಸ ಮಾಡ್ತಿದೆ’ ಅಂದೆ. ಅವರ ಮುಖದಲ್ಲಿ ಜೀವ ಬಂತು.

ಆದರೆ ಬೆಂಚಿನ ಹತ್ತಿರ ನಿಲ್ಲಲೇಬೇಕಿತ್ತಲ್ಲ. ನಿಲ್ಲುವುದಕ್ಕೆ ಒಂದು ನೆಪ ಬೇಕು. ಮೊದಲು ಚಪ್ಪಲಿ ಸರಿಮಾಡಿಕೊಂಡೆ, ಆಮೇಲೆ ಸೆರಗು. ದಿನಾ ಎಷ್ಟು ಸಲ ಸೆರಗು ಸರಿಮಾಡಿಕೊಳ್ಳುವುದು? ಒಂದು ದಿನ ಕೈ ಎತ್ತಿ ಕೆರೆಯ ಕಡೆ ತೋರಿಸಿ, ‘ಅಲ್ನೋಡ್ರೀ, ಎಂಥಾ ಹಕ್ಕಿ!’ ಅಂದೆ. ಅವರು ನಿಂತು ನೋಡಿದರು. ಆ ಹೊತ್ತಿನಲ್ಲಿ ನನ್ನ ಎದೆ ಸಡಿಲವಾಯಿತು. ಅಷ್ಟೇ, ದಾರಿ ಸಿಕ್ಕಿತು. ಮರುದಿನವೂ ಹಕ್ಕಿ, ಅದರ ಮರುದಿನವೂ ಹಕ್ಕಿ.

ಬಳಗದಲ್ಲಿ ಸುದ್ದಿ ಹಬ್ಬಿತು. ‘ನಮ್ಮವಳಿಗೆ ಈಗ ಹಕ್ಕಿ ಹುಚ್ಚು’ ಅಂತ ಇವರು ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದರು. ನನ್ನ ಹುಟ್ಟುಹಬ್ಬಕ್ಕೆ ಒಂದು ಬೈನಾಕ್ಯುಲರ್ ತಂದರು. ಮದುವೆಯಾದ ಇಷ್ಟು ವರ್ಷದಲ್ಲಿ ಕುಕ್ಕರು, ಮಿಕ್ಸಿ ಬಿಟ್ಟು ನನಗಾಗಿ ಒಂದು ವಸ್ತು ತಂದವರಲ್ಲ. ಕುತ್ತಿಗೆಗೆ ಅವರೇ ಹಾಕಿದರು. ನನಗೆ ಅಳು ಬಂತು, ಅದನ್ನೂ ಸಂತೋಷ ಅಂದುಕೊಂಡರು. ಬೈನಾಕ್ಯುಲರಿನಿಂದ ಒಂದು ಉಪಕಾರ ಆಯಿತು. ಅದನ್ನು ಕಣ್ಣಿಗೆ ಹಿಡಿದರೆ ಮುಖ ಮುಚ್ಚುತ್ತದೆ.

ಸಂಕ್ರಾಂತಿ ಕಳೆದು ಸ್ವಲ್ಪ ದಿನ ಆಗಿತ್ತು. ಕೆರೆಯ ಮೇಲೆ ಮಂಜು. ಬೆಂಚು ಇನ್ನೂ ದೂರ ಇರುವಾಗಲೇ ಎದೆ ಹಿಡಿಯಿತು, ನಿಂತರೂ ಬಿಡಲಿಲ್ಲ. ದವಡೆಗೆ ಬಂತು, ಎಡಗೈಗೆ ಇಳಿಯಿತು. ಆ ಚಳಿಯಲ್ಲಿ ರವಿಕೆ ಬೆನ್ನಿಗೆ ಅಂಟುವಷ್ಟು ಬೆವರು. ಹೇಗೋ ನಡೆದು ಬೆಂಚಿನ ಮೇಲೆ ಕುಸಿದೆ. ಮುಂದೆ ಹೋಗಿದ್ದ ಇವರು ತಿರುಗಿ ಬಂದರು.

‘ಏನೇ, ಯಾಕೆ ಕೂತೆ?’

ನನಗೆ ಸಾವಿನ ಭಯ ಆಗಿತ್ತು. ಅದನ್ನು ಈಗ ನೇರವಾಗಿ ಹೇಳುತ್ತೇನೆ. ಆದರೂ ಆ ಭಯದ ಮಧ್ಯೆ ನನ್ನ ತಲೆಯಲ್ಲಿ ಓಡಿದ್ದು, ಯುಗಾದಿ ಹತ್ತಿರ ಬಂತಲ್ಲ, ಇಷ್ಟು ತಿಂಗಳು ತಳ್ಳಿದ್ದು ದಂಡವಾಗಬಾರದು ಅಂತ. ದಡ ಕಾಣುವಾಗ ಯಾರು ಕೈ ಬಿಡುತ್ತಾರೆ ಅನ್ನಿಸಿತು. ಬೈನಾಕ್ಯುಲರ್ ಎತ್ತಿ ಕಣ್ಣಿಗೆ ಒತ್ತಿಕೊಂಡೆ.

‘ಮಿಂಚುಳ್ಳಿ ರೀ. ಅಲ್ಲಾಡಬೇಡಿ, ಹಾರಿಹೋಗುತ್ತೆ.’

ಅವರು ಕಲ್ಲಿನ ಹಾಗೆ ನಿಂತರು. ಉಸಿರು ಕೂಡ ಬಿಗಿಹಿಡಿದರು. ಸ್ವಲ್ಪ ಹೊತ್ತಾದ ಮೇಲೆ ಪಿಸುಮಾತಿನಲ್ಲಿ, ‘ಎಲ್ಲೇ, ನಂಗೆ ಕಾಣ್ತಿಲ್ವಲ್ಲೇ’ ಅಂದರು. ‘ಅಲ್ಲೇ ಇದೆ, ನೋಡ್ತಿರಿ’ ಅಂದೆ. ಎಷ್ಟು ಹೊತ್ತು ಹಾಗೇ ಇದ್ದೆವೋ ಗೊತ್ತಿಲ್ಲ. ನೋವು ನಿಧಾನವಾಗಿ ಇಳಿಯಿತು. ಮನೆಗೆ ಆಟೋದಲ್ಲಿ ಬಂದೆವು, ಕಾಲು ಉಳುಕಿದೆ ಅಂದೆ. ಅವರು ವಾರವೆಲ್ಲ ಸಿಕ್ಕವರಿಗೆ ಮಿಂಚುಳ್ಳಿಯ ಕಥೆ ಹೇಳಿದರು. ಹೇಳುತ್ತಾ ಹೇಳುತ್ತಾ ಅವರಿಗೂ ಅದು ಕಂಡಿತ್ತು ಅನ್ನುವಲ್ಲಿಗೆ ಬಂತು.

ಆಮೇಲೆ ನಾನು ಮೊದಲಿನ ಹಾಗೆ ಆಗಲಿಲ್ಲ. ಹೊಲಿಗೆ ಮಿಷನ್ ತುಳಿದರೆ ಉಬ್ಬಸ, ತಲೆಗೆ ಎರೆದುಕೊಂಡರೆ ಸುಸ್ತು.

ಯುಗಾದಿಗೆ ಮಗಳು ವೀಣಾ ಬನಶಂಕರಿಯಿಂದ ಬಂದಳು. ಸ್ಕೂಲ್ ಟೀಚರ್, ಕಣ್ಣು ಚುರುಕು. ಟೆರೇಸಿನಲ್ಲಿ ಒಣಹಾಕಿದ್ದ ಬಟ್ಟೆ ತರಲು ಅವಳ ಹಿಂದೆ ಹೋದವಳು ಅರ್ಧ ಮೆಟ್ಟಿಲಿನಲ್ಲಿ ಕೂತುಬಿಟ್ಟೆ. ಅವಳು ಮೇಲಿನಿಂದ ಇಳಿದು ಬಂದು ನನ್ನನ್ನೇ ನೋಡಿದಳು.

‘ಅಮ್ಮಾ, ಇಲ್ಲಿ ಯಾವ ಹಕ್ಕಿ ಇದೆ?’

ಅವಳು ಬಾಯಿ ಬಿಡಿಸಿದಳು. ಮಿಂಚುಳ್ಳಿಯ ಬೆಳಿಗ್ಗೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಅಡುಗೆಮನೆಯಲ್ಲಿ ಒಬ್ಬಟ್ಟು ಸೀದುಹೋಗುತ್ತಿತ್ತು, ನಡುಮನೆಯಲ್ಲಿ ಅಪ್ಪ ಮಗಳ ಜಗಳ.

‘ಅಪ್ಪಾ, ಅಮ್ಮನ ಎದೆ ಏನು ಬಾಡಿಗೆ ಮನೇನಾ, ಅಗ್ರಿಮೆಂಟ್ ಮುಗೀಲಿ ಅಂತ ಕಾಯೋಕೆ?’

‘ಕಡಿಮೆ ಆಗಿದೆ ಅಂತ ಅವಳೇ ಹೇಳಿದ್ಲು ಕಣಮ್ಮಾ. ಹಕ್ಕಿ ನೋಡ್ಕೊಂಡು ಚೆನ್ನಾಗಿದ್ಲು. ಇನ್ನೇನು, ಮುಂದಿನ ವಾರ...’

ವೀಣಾ ಆಗಲೇ ಕ್ಯಾಬ್ ಕರೆಯಲು ಫೋನ್ ತೆಗೆದಿದ್ದಳು. ಬರುವುದಿಲ್ಲ ಅಂತ ಹಠ ಹಿಡಿದವಳು ನಾನೇ. ಇಷ್ಟು ದಿನ ಕಾದವಳು ಒಂದು ವಾರಕ್ಕೆ ಸೋಲಬೇಕೇ ಅಂತ ಕೂತೆ. ಅವಳು ಅತ್ತಳು, ಬೈದಳು, ಕೊನೆಗೆ ಆ ವಾರವೆಲ್ಲ ನಮ್ಮ ಮನೆಯಲ್ಲೇ ಉಳಿದಳು. ನಾನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಲ್ಲುತ್ತಿದ್ದಳು.

ಅವಧಿ ಮುಗಿದ ಮರುದಿನ ಜಯನಗರದ ಒಂದು ಆಸ್ಪತ್ರೆಗೆ ಹೋದೆವು. ನಮ್ಮವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದರು, ಫೈಲು ಕಂಕುಳಲ್ಲಿ. ಯಾವುದೋ ಪರೀಕ್ಷೆಗೆ ಓದಿಕೊಂಡು ಬಂದವರ ಕಳೆ ಇತ್ತು. ಕಾಯುವ ಕೋಣೆಯಲ್ಲಿ ಸದ್ದಿಲ್ಲದ ಟಿವಿ, ಟೋಕನ್ ಕರೆಯುವ ಹುಡುಗಿಯ ನಿದ್ದೆಗಣ್ಣಿನ ದನಿ. ಎದುರಿನ ಕುರ್ಚಿಗಳಲ್ಲಿ ನಮ್ಮ ವಯಸ್ಸಿನವರೇ ಜೋಡಿಜೋಡಿಯಾಗಿ ಕೂತಿದ್ದರು. ಇವರಲ್ಲಿ ಯಾರ್ಯಾರು ಯಾವ ಹಬ್ಬದವರೆಗೆ ಕಾದು ಬಂದಿದ್ದಾರೋ ಅಂತ ಯೋಚಿಸಿದೆ.

ಇಸಿಜಿ ಆಯಿತು, ಎಕೋ ಆಯಿತು. ಡಾಕ್ಟರು ನಮ್ಮ ವೀಣಾಳ ವಯಸ್ಸಿನ ಹೆಣ್ಣುಮಗಳು. ಪರದೆಯನ್ನು ಎರಡು ಸಲ ನೋಡಿ ನನ್ನ ಕಡೆ ತಿರುಗಿದರು.

‘ಎಷ್ಟು ದಿನದಿಂದ ಇದೆಯಮ್ಮ?’

ನಮ್ಮವರು ನೆಲ ನೋಡುತ್ತಿದ್ದರು. ‘ಗೌರಿ ಹಬ್ಬದಿಂದ’ ಅಂದೆ.

‘ಗೌರಿ ಹಬ್ಬದಿಂದಾನಾ?’ ಅವರು ಪೆನ್ನು ಕೆಳಗಿಟ್ಟರು. ‘ಮಧ್ಯದಲ್ಲಿ ಯಾವತ್ತಾದ್ರೂ ಜೋರಾಗಿ ಬಂದಿತ್ತಾ? ಬೆವರು, ದವಡೆ ನೋವು, ಕೈ ನೋವು? ಒಂದು ಅಟ್ಯಾಕ್ ಆಗಿಹೋಗಿದೆ. ಹೃದಯದ ಒಂದು ಕಡೆ ಸರಿಯಾಗಿ ಅಲ್ಲಾಡ್ತಿಲ್ಲ.’

ಆಗ ನಮ್ಮವರು ತಲೆ ಎತ್ತಿ, ಡಾಕ್ಟರನ್ನಲ್ಲ, ನನ್ನನ್ನು ಕೇಳಿದರು.

‘ಅವತ್ತು, ಮಿಂಚುಳ್ಳಿ ಕಂಡ ದಿನಾನಾ?’

ಹೂಂ ಅಂದೆ. ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ವೀಣಾ ಎದ್ದು ಹೊರಗೆ ಹೋದಳು. ಇವರು ಕಂಕುಳಿನ ಫೈಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಅದನ್ನು ಸವರುತ್ತಾ ಕೂತರು.

ಯಾಕೆ ಇಷ್ಟು ದಿನ ಬರಲಿಲ್ಲ ಅಂತ ಡಾಕ್ಟರು ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ‘ತೋರಿಸ್ಕೊಳ್ಳೋಕೆ ಪಾಲಿಸಿ ಬೇಕಾಗಿರ್ಲಿಲ್ಲ ಅಮ್ಮ. ಆಗಲೇ ಬಂದಿದ್ರೆ ಮಾತ್ರೆ ಶುರು ಮಾಡ್ತಿದ್ವಿ, ಯಾವಾಗ ಏನು ಮಾಡ್ಬೇಕು ಅಂತ ಜೊತೇಲಿ ಕೂತು ಯೋಚನೆ ಮಾಡ್ತಿದ್ವಿ’ ಅಂದರು. ಆ ಮಾತು ನಮ್ಮ ಬಳಗದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಡಾಕ್ಟರ ಬಾಗಿಲು ಅಂದರೆ ನೇರ ಆಪರೇಷನ್ ಕೋಣೆಗೇ ತೆರೆಯುತ್ತದೆ ಅಂತ ನಾವೆಲ್ಲ ನಂಬಿದ್ದೆವು.

ಅವತ್ತೇ ಅಡ್ಮಿಟ್. ಆಂಜಿಯೋಗ್ರಾಂಗೆ ಮೊದಲು ಒಡವೆ ಎಲ್ಲ ತೆಗೆಯಬೇಕು ಅಂದರು. ಬಳೆ ಬಂತು, ಕಾಲುಂಗುರ ಬರಲಿಲ್ಲ. ಪಾದ ಊದಿಕೊಂಡಿತ್ತು. ನರ್ಸು ಕತ್ತರಿಸಬೇಕಾಗುತ್ತದೆ ಅಂದಾಗ ಅಲ್ಲಿಯವರೆಗೆ ಗಟ್ಟಿಯಾಗಿದ್ದವಳು ಗೊಳೋ ಅಂತ ಅತ್ತೆ. ಪಕ್ಕದ ಹಾಸಿಗೆಯ ರೋಗಿಯ ಹೆಂಡತಿ, ಗದಗದ ಕಡೆಯವರು, ಬಿಟಿಎಂನಲ್ಲಿ ಮಗಳ ಬಾಡಿಗೆ ಮನೆಗೆ ಬಂದಿದ್ದವರು, ಎದ್ದು ಬಂದರು. ‘ಅಂಜಬ್ಯಾಡ್ರಿ ಅಕ್ಕಾರ. ಕತ್ತರಿ ಯಾಕ ಬೇಕು?’ ಅಂತ ತಮ್ಮ ಚೀಲದಿಂದ ಕೊಬ್ಬರಿಎಣ್ಣೆ ತೆಗೆದು ನನ್ನ ಕಾಲನ್ನು ತಮ್ಮ ಮಡಿಲಿಗೆ ಇಟ್ಟುಕೊಂಡರು. ಗುರುತಿಲ್ಲದ ಹೆಂಗಸು, ತನ್ನ ಗಂಡ ಅಲ್ಲೇ ಮಲಗಿದ್ದಾನೆ, ನನ್ನ ಬೆರಳನ್ನು ನೀವುತ್ತಾ ಕೂತಳು. ಉಂಗುರ ಜಾರಿ ಬಂತು. ‘ನಿಮ್ಮ ಯಜಮಾನ್ರ ಕೈಯಾಗ ಕೊಡ್ರಿ, ಹೊರಗ ಬರೂಮುಂದ ಅವರಽ ಹಾಕ್ಲಿ’ ಅಂದರು. ನನ್ನ ಕಾಯಿಲೆಯಲ್ಲಿ ನನಗೆ ಸಿಕ್ಕ ಅತ್ಯಂತ ದೊಡ್ಡ ಸಮಾಧಾನ ಅದೇ.

ಸ್ಟೆಂಟ್ ಹಾಕಿದರು. ಪಾಲಿಸಿಯವರು ತಕರಾರಿಲ್ಲದೆ ಒಪ್ಪಿಕೊಂಡರು. ಒಪ್ಪಿಗೆ ಬಂದಿದೆ ಅಂತ ಇವರ ಫೋನಿಗೆ ಸಂದೇಶ ಬಂದಾಗ ನಾನು ವಾರ್ಡಿನಲ್ಲಿದ್ದೆ. ಓದಿದರು. ನಾವು ತಿಂಗಳುಗಟ್ಟಲೆ ಕಾದ ಗಳಿಗೆ ಅದು. ಓದಿ ಫೋನನ್ನು ಜೇಬಿಗೆ ಹಾಕಿಕೊಂಡು ಗೋಡೆಯ ಕಡೆ ತಿರುಗಿ ಕೂತರು. ಅಷ್ಟರಲ್ಲಿ ಶ್ರೀಕಂಠಯ್ಯನವರ ಫೋನು, ದನಿ ನನಗೂ ಕೇಳಿಸಿತು. ‘ಗೆದ್ದುಬಿಟ್ರಿ ನಾಗರಾಜ್! ಫುಲ್ ಕ್ಯಾಶ್‌ಲೆಸ್! ಬಳಗಕ್ಕೆಲ್ಲ ಸ್ವೀಟ್ ಕೊಡಿಸ್ಬೇಕು ನೀವು.’

ಈಗ ನಾನು ಬದುಕಿದ್ದೇನೆ, ಆದರೆ ಅಳತೆ ಹಾಕಿಕೊಂಡು ಬದುಕಿದ್ದೇನೆ. ಹೃದಯದ ನಿಂತುಹೋದ ಭಾಗದಲ್ಲಿ ಸ್ವಲ್ಪ ಚೇತರಿಸಿಕೊಳ್ಳಬಹುದು, ಸ್ವಲ್ಪ ಇನ್ನು ಇಲ್ಲ ಅಂದಿದ್ದಾರೆ ಡಾಕ್ಟರು. ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿದ್ದೇನೆ. ಉಪ್ಪಿನಕಾಯಿ ಇಲ್ಲ, ಕುಡಿಯುವ ನೀರಿಗೂ ಮಿತಿ. ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿಕೊಳ್ಳಬೇಕು, ಊದಿದೆಯೇ ಅಂತ ಪಾದ ಒತ್ತಿ ನೋಡಿಕೊಳ್ಳಬೇಕು. ನನಗೆ ಸಿಟ್ಟಿದೆ. ಪಾಲಿಸಿಯ ಮೇಲೆ, ಶ್ರೀಕಂಠಯ್ಯನವರ ಮೇಲೆ, ನಮ್ಮವರ ಮೇಲೆ, ಭಾವನವರ ಸೈಟು ಹೋದಾಗ ಹುಟ್ಟಿದ ಆ ಹೆದರಿಕೆಯ ಮೇಲೆ. ಕೆಲವು ದಿನ ಆ ಸಿಟ್ಟಿಗೆ ಊಟ ಸೇರುವುದಿಲ್ಲ.

ಕೆರೆಗೆ ಮತ್ತೆ ಹೋಗಲು ಶುರು ಮಾಡಿದ ಮೇಲೆ ಒಂದು ದಿನ ಜ್ಯೂಸಿನ ಗಾಡಿಯ ಹತ್ತಿರ ಹೊಸಬರೊಬ್ಬರು ನಿಂತಿದ್ದರು. ಆಗಷ್ಟೇ ನಿವೃತ್ತರಾದ ಹೆಂಗಸು. ಮೆಟ್ಟಿಲು ಹತ್ತಿದರೆ ಎದೆ ಹಿಂಡಿದ ಹಾಗೆ ಆಗುತ್ತದೆ, ಪಾಲಿಸಿ ಮಾಡಿಸಿ ಸ್ವಲ್ಪ ದಿನ ಆಯಿತಷ್ಟೇ ಅನ್ನುತ್ತಿದ್ದರು. ಶ್ರೀಕಂಠಯ್ಯ ನನ್ನ ಕಡೆ ಕೈ ತೋರಿಸಿದರು. ‘ನಮ್ಮ ಸುಶೀಲಮ್ಮನ್ನೇ ಕೇಳಿ ಮೇಡಂ. ಧೈರ್ಯವಾಗಿ ಕಾದ್ರು, ಈಗ ನೋಡಿ ಹೆಂಗೆ ವಾಕ್ ಮಾಡ್ತಾರೆ.’

ನಾನು ಆ ಹೆಂಗಸಿನ ಕೈ ಹಿಡಿದೆ. ‘ನಾನು ಕಾದಿದ್ದಕ್ಕೆ ನನ್ನ ಹೃದಯ ಒಂದು ಕಡೆ ಸತ್ತಿದೆ. ಪಾಲಿಸಿ ಎಲ್ಲಾ ಕೊಡ್ತು, ಅದನ್ನ ಕೊಡಲಿಲ್ಲ. ನೀವು ಇವತ್ತೇ ಹೋಗಿ ತೋರಿಸಿ. ದುಡ್ಡಿಗೆ ಏನು ಮಾಡೋದು ಅಂತ ಆಮೇಲೆ ಎಲ್ಲರೂ ಕೂತು ಯೋಚ್ನೆ ಮಾಡೋಣ, ಇವರು ಇದ್ದಾರಲ್ಲ’ ಅಂತ ಶ್ರೀಕಂಠಯ್ಯನವರನ್ನು ತೋರಿಸಿದೆ. ಅವರು ಜ್ಯೂಸಿನ ಲೋಟವನ್ನು ಗಾಡಿಯ ಮೇಲಿಟ್ಟರು. ಆಮೇಲೆ ಮೆಲ್ಲಗೆ, ‘ನನ್ನ ಕಾರ್ ಇದೆ ಮೇಡಂ, ನಾನೇ ಬಿಡ್ತೀನಿ’ ಅಂದರು. ಇಬ್ಬರೂ ಹೋದರು. ಅವರ ಮೇಲಿನ ನನ್ನ ಸಿಟ್ಟು ಅವತ್ತು ಅರ್ಧಕ್ಕೆ ಇಳಿಯಿತು.

ಈಗ ನಮ್ಮವರು ನನ್ನ ಮುಂದೆ ನಡೆಯುವುದಿಲ್ಲ. ಪಕ್ಕದಲ್ಲೇ, ನನ್ನ ಹೆಜ್ಜೆಗೆ ಹೆಜ್ಜೆ. ಬೈನಾಕ್ಯುಲರ್ ಬೀರುವಿನಲ್ಲಿದೆ, ಅದರ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಮೊನ್ನೆ ಹೊಂಗೆಮರದ ಬೆಂಚಿನ ಹತ್ತಿರ ಬಂದಾಗ, ನೀರಿನ ಮೇಲೆ ಬಾಗಿದ ಕೊಂಬೆಯಲ್ಲಿ ಏನೋ ನೀಲಿಯಾಗಿ ಹೊಳೆಯಿತು. ಎದೆ ಆರಾಮವಾಗಿತ್ತು. ನಾನು ನಿಂತೆ.

‘ರೀ, ಮಿಂಚುಳ್ಳಿ.’

ಅವರ ಕೈ ಥಟ್ಟನೆ ಜೇಬಿಗೆ ಹೋಯಿತು. ನಾಲಿಗೆ ಕೆಳಗಿಡುವ ಮಾತ್ರೆಯ ಡಬ್ಬಿ ಹೊರಗೆ ಬಂತು, ಮುಚ್ಚಳ ತೆಗೆಯಲು ಹೊರಟರು.

‘ಇಲ್ಲ ರೀ, ಈ ಸಲ ನಿಜವಾಗ್ಲೂ ಹಕ್ಕಿನೇ. ಅಲ್ನೋಡಿ, ಕೊಂಬೆ ಮೇಲೆ.’

ಹಕ್ಕಿ ನೀರಿಗೆ ಧುಮುಕಿತು, ಮೀನು ಕಚ್ಚಿಕೊಂಡು ಮೇಲೆ ಬಂತು, ಕೊಂಬೆಯ ಮೇಲೆ ಕೂತು ಅದನ್ನು ಬಡಿದು ನುಂಗಿ, ಕೆರೆ ದಾಟಿ ಹಾರಿಹೋಯಿತು. ಅವರು ಆ ಕಡೆ ತಿರುಗಲೇ ಇಲ್ಲ. ಡಬ್ಬಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದರು.